ಲಿಂಬೆಯ ಕಜ್ಜಿ

ಮುಂಗಾರು ಆರಂಭವಾಯಿತೆಂದರೆ ಕಾರವಾರ, ಅಂಕೋಲಾಗಳ ಹಿತ್ತಿಲುಗಳಲ್ಲಿ ಲಿಂಬೆ, ಮಾದಲ, ಚಕ್ಕೋತಗಳು ಚಿಗುರತೊಡಗುತ್ತವೆ. ಕಡಲ ಗಾಳಿಯೊಡನೆ ಬೀಸಿಬರುವ ಮಳೆಗೆ ಆ ಎಳೆಯ ಎಲೆಗಳು ದಿನವಿಡೀ ತೊಯ್ಯುತ್ತವೆ. ಕೆಲವು ವಾರಗಳಲ್ಲಿ ಲಿಂಬೆಯ ಎಲೆಗಳ ಮೇಲೆ ಹಳದಿ ಅಂಚಿನ ಕಂದು ಗುಳ್ಳೆಗಳು ಏಳುವುದುಂಟು. ಮುಟ್ಟಿದರೆ ಬೆಂಡಿನಂತೆ ಒರಟು. ಕಾಯಿಯ ಮೇಲೂ ಅದೇ ಕಲೆ. ರಸ ಕೆಡದಿದ್ದರೂ ಪೇಟೆಯಲ್ಲಿ ಅಂತಹ ಕಾಯಿಗೆ ಬೆಲೆ ಬಾರದು. ಇದೇ ಕಜ್ಜಿರೋಗ. ಕ್ಸಾಂಥೊಮೊನಾಸ್ ಸಿಟ್ರಿ ಎಂಬ ದುಂಡಾಣು ಇದಕ್ಕೆ ಕಾರಣ.

ಮಳೆಹನಿಯೊಡನೆ ಸಿಡಿದ ದುಂಡಾಣುವು ಎಲೆಯ ಸೂಕ್ಷ್ಮರಂಧ್ರಗಳಿಂದಲೋ, ಮುಳ್ಳು ಗೀರಿದ ಗಾಯದಿಂದಲೋ, ರಂಗೋಲಿ ಹುಳು ಕೊರೆದ ದಾರಿಯಿಂದಲೋ ಒಳಹೊಗುತ್ತದೆ. ತಾನು ತಯಾರಿಸಿದ ಒಂದು ಪ್ರೋಟೀನನ್ನು ಗಿಡದ ಜೀವಕೋಶದೊಳಕ್ಕೆ ಸೇರಿಸಿ, ಗಿಡದ್ದೇ ಆದ ಒಂದು ವಂಶವಾಹಿಯನ್ನು ಎಚ್ಚರಿಸುತ್ತದೆ. ಜೀವಕೋಶಗಳು ಉಬ್ಬಿ ಎಲೆಯ ಮೈ ಬಿರಿಯುತ್ತದೆ. ಹೊರಬಿದ್ದ ದುಂಡಾಣುಗಳನ್ನು ಮುಂದಿನ ಮಳೆ ಬೇರೆ ಎಲೆಗೆ ಒಯ್ಯುತ್ತದೆ.

ರೋಗವು ಭಾರತಕ್ಕೆ ಹೊಸದಲ್ಲ. ಡೆಹರಾಡೂನಿನಲ್ಲಿ ೧೮೨೭ರಿಂದ ೧೮೩೧ರ ಅವಧಿಯಲ್ಲಿ ಸಂಗ್ರಹಿಸಿ, ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ಒಣಗಿಸಿಟ್ಟಿದ್ದ ಮಾದಲದ ಎಲೆಗಳಲ್ಲಿ ಇದರ ಕಲೆಗಳನ್ನು ಫಾಸೆಟ್ ಮತ್ತು ಜೆಂಕಿನ್ಸ್ ೧೯೩೩ರಲ್ಲಿ ಗುರುತಿಸಿದರು. ಇಷ್ಟು ಕಾಲದಲ್ಲಿ ದುಂಡಾಣುವಿನ ವಂಶವೂ ಕವಲೊಡೆದಿದೆ. ‘ಎ’ ಬಗೆಯು ನಿಂಬೆ ಜಾತಿಯ ಹೆಚ್ಚಿನ ಗಿಡಗಳನ್ನೆಲ್ಲ ಹಿಡಿಯುತ್ತದೆ. ‘ಎ-ಸ್ಟಾರ್’ ಮತ್ತು ‘ಎ-ಡಬ್ಲ್ಯು’ ಬಗೆಗಳಿಗೆ ಮುಖ್ಯವಾಗಿ ಲಿಂಬೆಯೇ ಬೇಕು. ಮೂರೂ ಭಾರತದಲ್ಲಿವೆ.

ಈ ಭೇದಕ್ಕೆ ಕಾರಣ ಎಷ್ಟು ಸಣ್ಣದೆಂಬುದೇ ಆಶ್ಚರ್ಯ. ‘ಎ-ಡಬ್ಲ್ಯು’ ಬಗೆಯಲ್ಲಿರುವ ಒಂದು ವಂಶವಾಹಿಯ ಪ್ರೋಟೀನನ್ನು ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟ್ ಗಿಡವು ಕೂಡಲೇ ಗುರುತಿಸಿ, ಸೋಂಕು ತಗುಲಿದ ಜೀವಕೋಶಗಳನ್ನು ತಾನೇ ಸಾಯಗೊಡುತ್ತದೆ. ದುಂಡಾಣು ಅಲ್ಲೇ ಸಿಕ್ಕಿಬೀಳುತ್ತದೆ. ವಿಜ್ಞಾನಿಗಳು ಆ ಒಂದು ವಂಶವಾಹಿಯನ್ನು ಕೆಡಿಸಿದಾಗ ಗ್ರೇಪ್‌ಫ್ರೂಟ್ ಎಲೆಯಲ್ಲೂ ಕಜ್ಜಿ ಎದ್ದಿತು. ‘ಎ’ ಬಗೆಯಷ್ಟು ಉಗ್ರವಾಗಿ ಮಾತ್ರ ಅಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ಈ ರೋಗವನ್ನು ನಿರ್ಮೂಲ ಮಾಡಲೆಂದು ಒಂದು ಕೋಟಿಗೂ ಹೆಚ್ಚು ಗಿಡಗಳನ್ನು ನಾಶಮಾಡಿದರು. ೨೦೦೬ರಲ್ಲಿ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು. ಅಲ್ಲಿ ಕಂಡ ‘ಎ-ಡಬ್ಲ್ಯು’ ದುಂಡಾಣುವು ಭಾರತದ ದುಂಡಾಣುಗಳಿಗೆ ಹತ್ತಿರದ ಬಂಧು.

ಅಂಕೋಲಾದ ಹಿತ್ತಿಲೊಂದರಲ್ಲಿ ಲಿಂಬೆಗೆ ಕಜ್ಜಿ ಬಂದರೆ ಪಕ್ಕದ ಚಕ್ಕೋತದ ಗತಿಯೇನು? ಲಿಂಬೆಯನ್ನೇ ಬಯಸುವ ಬಗೆಯಾದರೆ ಅದು ಬಹುಮಟ್ಟಿಗೆ ಪಾರಾದೀತು. ‘ಎ’ ಬಗೆಯಾದರೆ ಅದಕ್ಕೂ ಅಪಾಯ. ಗುಳ್ಳೆಯನ್ನು ನೋಡಿ ಇದನ್ನು ಹೇಳಲಾಗದು, ಡಿ.ಎನ್.ಎ. ಪರೀಕ್ಷೆಯೇ ಆಗಬೇಕು. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ, ಮೈಲುತುತ್ತ ಹಾಗೂ ಸುಣ್ಣದ ಬೋರ್ಡೋ ದ್ರಾವಣವು ಎಲ್ಲ ಬಗೆಗಳನ್ನೂ ತಡೆಯುತ್ತದೆ. ಆದರೆ ಅದನ್ನು ಮಳೆ ತೊಳೆದುಬಿಡುತ್ತದೆ. ಆದ್ದರಿಂದ ಮಳೆಗೆ ಮುನ್ನವೇ ರೋಗದ ಟೊಂಗೆಗಳನ್ನು ಕತ್ತರಿಸಿ ಸುಡುವುದೂ, ಹೊಸ ಸಸಿಯನ್ನು ತರುವಾಗ ಅದರ ಎಲೆಗಳ ಎರಡು ಮೈಯನ್ನೂ ನೋಡಿ ತರುವುದೂ ಅವಶ್ಯ.