ಅತ್ತೆಯ ಹಿತ್ತಾಳೆ ಯಾರಿಗೆ ಸೇರಿದ್ದು?

ಪ್ರಶ್ನೆ: ನನಗೆ 61 ವರ್ಷ. ದಾವಣಗೆರೆಯ ಹಳೆಯ ಮನೆ ಮಾರಿ, ಬೆಂಗಳೂರಿನಲ್ಲಿ ಮಗಳ ಮನೆಯ ಹತ್ತಿರ ಎರಡು ಕೋಣೆಯ ಫ್ಲ್ಯಾಟ್‌ಗೆ ಹೋಗುತ್ತಿದ್ದೇವೆ. ಅಟ್ಟದ ತುಂಬ ನಮ್ಮ ಅತ್ತೆಯವರ ಹಿತ್ತಾಳೆ, ತಾಮ್ರದ ಸಾಮಾನು: ಹಂಡೆ, ಕೊಪ್ಪರಿಗೆ, ಕೊಡಗಳು, ಮದುವೆ ಅಡುಗೆಗೆ ಆಗುವಂಥ ತಪ್ಪಲೆಗಳು. ಎರಡು ಬೀರು ಸೀರೆ, ಒಂದು ಟ್ರಂಕ್ ತುಂಬ ಉಡಿ ತುಂಬಿದ ಜಂಪರ್ ಪೀಸು. ಮಾವನವರ ಕಾಲದ ಕಾಗದಪತ್ರ, ನಮ್ಮ ಮನೆಯವರ ಪುಸ್ತಕಗಳು ಬೇರೆ. ಮಗಳು ಯಾರೋ ಜಪಾನಿ ಹೆಣ್ಣುಮಗಳ ಕಾರ್ಯಕ್ರಮ ನೋಡಿದ್ದಾಳೆ. ‘ಒಂದೊಂದೇ ಕೈಯಲ್ಲಿ ಹಿಡ್ಕೊಂಡು, ಇದು ನನಗೆ ಇಷ್ಟಾನಾ ಅಂತ ಕೇಳ್ಕೋಮ್ಮ, ಇಲ್ಲಾಂದ್ರೆ ಕೊಟ್ಟುಬಿಡು’ ಅನ್ನುತ್ತಾಳೆ. ಹೋದ ತಿಂಗಳು ಬಂದಾಗ ನನ್ನನ್ನು ಕೇಳದೆ ಎರಡು ಚೀಲ ಗುಜರಿಗೆ ಹಾಕಿದಳು. ಜಗಳವಾಯಿತು. ನಿಜ ಹೇಳಬೇಕೆಂದರೆ ಆ ಪಾತ್ರೆಗಳ ಮೇಲೆ ನನಗೆ ಪ್ರೀತಿಯೇನೂ ಇಲ್ಲ. ಅತ್ತೆ ಇದ್ದಷ್ಟು ದಿನ ಅವನ್ನು ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಆದರೂ ಕೊಡಲು ಕೈ ಬರುತ್ತಿಲ್ಲ. ರಾತ್ರಿ ಸರಿಯಾಗಿ ನಿದ್ದೆಯಿಲ್ಲ. ನಾಳೆ ಇಬ್ಬರು ನಾದಿನಿಯರು ‘ಅವ್ವನ ಸಾಮಾನು ಏನು ಮಾಡಿದಿ’ ಅಂದರೆ ಏನು ಹೇಳಲಿ? ನನಗೇನಾದರೂ ಕಾಯಿಲೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಪತ್ರದಲ್ಲಿ ನನಗೆ ಕಾಯಿಲೆಯ ಲಕ್ಷಣ ಕಾಣಲಿಲ್ಲ. ವಸ್ತುಗಳನ್ನು ಕೂಡಿಹಾಕುವ ಕಾಯಿಲೆ ಒಂದಿದೆ, ನಿಜ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆ ಎಂದು ತನ್ನ ಪಟ್ಟಿಗೆ ಸೇರಿಸಿತು. ಆ ಕಷ್ಟದಲ್ಲಿರುವವರಿಗೆ ಹರಿದ ಚೀಲ, ಖಾಲಿ ಡಬ್ಬಿಯನ್ನೂ ಬಿಸಾಡಲಾಗುವುದಿಲ್ಲ. ಮಂಚದ ಮೇಲೆ ಮಲಗಲು, ಒಲೆಯ ಮುಂದೆ ನಿಲ್ಲಲು ಜಾಗವಿಲ್ಲದಷ್ಟು ಮನೆ ತುಂಬಿಹೋಗುತ್ತದೆ. ನಿಮ್ಮ ಸಾಮಾನು ಅಟ್ಟದಲ್ಲಿ, ಬೀರುವಿನಲ್ಲಿ ಅದರದರ ಜಾಗದಲ್ಲಿದೆ. ಮನೆ ಬಿಡುವ ಹೊತ್ತಿಗೆ ಕೈ ಹಿಂಜರಿಯುತ್ತಿದೆ, ಅಷ್ಟೆ. ನಿದ್ದೆಯಿಲ್ಲದಿರುವುದು ಹೀಗೇ ಮುಂದುವರಿದರೆ ಮಾತ್ರ ಸುಮ್ಮನಿರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ.

ನಿಮ್ಮ ಪತ್ರವನ್ನು ಓದುವಾಗ ನಾನು ನಿಂತದ್ದು ಒಂದೇ ಕಡೆ: ಅತ್ತೆ ಇದ್ದಷ್ಟು ದಿನ ಅವನ್ನು ಮುಟ್ಟಲು ಬಿಡುತ್ತಿರಲಿಲ್ಲ ಎಂದಿದ್ದೀರಿ. ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ಅತ್ತೆ ಹೋದರು, ಅಟ್ಟದ ಕೀಲಿ ನಿಮ್ಮ ಕೈಗೆ ಬಂತು. ಆದರೆ ‘ಇದು ಇನ್ನು ನಿನ್ನದು, ನಿನಗೆ ಬೇಕಾದ ಹಾಗೆ ಮಾಡು’ ಎಂದು ಯಾರೂ ನಿಮಗೆ ಹೇಳಲಿಲ್ಲ. ಅಂದಮೇಲೆ ನೀವು ಆ ಪಾತ್ರೆಗಳ ಯಜಮಾನಿಯಾದದ್ದು ಯಾವಾಗ? ನಿಮ್ಮ ಮನಸ್ಸಿನಲ್ಲಿ ನೀವು ಇಂದಿಗೂ ಅವುಗಳ ಕಾವಲುಗಾರ್ತಿ. ತನ್ನದಲ್ಲದ್ದನ್ನು ಕೊಟ್ಟುಬಿಡಲು ಕಾವಲು ಕಾಯುವವರಿಗೆ ಕೈ ಬರುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅದು ನಿಮ್ಮ ಪ್ರಾಮಾಣಿಕತೆ.

ಹಾಗಾಗಿ ಮಗಳ ಪ್ರಶ್ನೆ ಇಲ್ಲಿ ಕೆಲಸ ಮಾಡುತ್ತಿಲ್ಲ. ಅವಳು ನೋಡಿದ್ದು ಮರಿ ಕೊಂಡೊ ಅವರ ಕಾರ್ಯಕ್ರಮ ಇರಬೇಕು. ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಕಾರ್ಯಕ್ರಮ ಬಂದಮೇಲೆ ಊರೂರಿನ ಮಕ್ಕಳೂ ತಂದೆತಾಯಿಯ ಬೀರು ತೆಗೆಸಲು ಶುರುಮಾಡಿದರು. ಆಕೆಯ ವಿಧಾನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವಸ್ತುವನ್ನು ಕಳಿಸುವ ಮುನ್ನ ಅದಕ್ಕೊಂದು ಕೃತಜ್ಞತೆ ಹೇಳಿ ಎನ್ನುತ್ತಾರೆ. ಆಯುಧಪೂಜೆಗೆ ಈಳಿಗೆಮಣೆಗೂ ಕುಂಕುಮ ಇಡುವ ನಮಗೆ ಅದು ಹೊಸದಲ್ಲ. ಆದರೆ ಮಕ್ಕಳು ಅವರ ಇನ್ನೆರಡು ಮಾತನ್ನು ಮರೆಯುತ್ತಾರೆ. ಬಟ್ಟೆಯಿಂದ ಆರಂಭಿಸಿ, ನೆನಪು ಅಂಟಿದ ವಸ್ತುಗಳಿಗೆ ಎಲ್ಲಕ್ಕಿಂತ ಕೊನೆಗೆ ಕೈಹಾಕಿ ಎಂದಿದ್ದಾರೆ. ಮನೆಯ ಬೇರೆಯವರ ಸಾಮಾನನ್ನು ಅವರಿಗೆ ಹೇಳದೆ ಎಸೆಯಬೇಡಿ ಎಂದೂ ಬರೆದಿದ್ದಾರೆ. ನಿಮ್ಮ ಮಗಳು ಕೊನೆಯದಕ್ಕೆ ಮೊದಲು ಕೈಹಾಕಿದಳು, ಅದೂ ಕೇಳದೆ. ಆ ಎರಡು ಚೀಲದ ವಿಷಯದಲ್ಲಿ ತಪ್ಪು ಅವಳದೇ. ಸಿಟ್ಟಿಲ್ಲದೆ, ಆದರೆ ಸ್ಪಷ್ಟವಾಗಿ ಅವಳಿಗೆ ಹೇಳಿ: ‘ಎತ್ತಿಕೊಡು, ಕಟ್ಟಿಕೊಡು, ಗಾಡಿ ಗೊತ್ತುಮಾಡು. ಯಾವುದು ಹೋಗಬೇಕು ಅನ್ನುವುದನ್ನು ನಾನೇ ಹೇಳುತ್ತೇನೆ.’

ಈಗ ಪಾತ್ರೆಗಳು. ಇಲ್ಲಿ ‘ಇಷ್ಟವಾ’ ಎಂದು ಕೇಳಿಕೊಳ್ಳಬೇಡಿ. ಉತ್ತರ ಇಲ್ಲವೆಂದು ನಿಮಗೆ ಆಗಲೇ ಗೊತ್ತು, ಮತ್ತೆ ಮತ್ತೆ ಕೇಳಿದಷ್ಟೂ ತಪ್ಪಿತಸ್ಥ ಭಾವ ಬೆಳೆಯುತ್ತದೆ. ‘ಇದಕ್ಕೆ ಹಕ್ಕುದಾರರು ಯಾರು?’ ಎಂದು ಕೇಳಿ. ನಿಮ್ಮ ಜೊತೆಗೆ ಇಬ್ಬರು ನಾದಿನಿಯರೂ ಹಕ್ಕುದಾರರೇ. ಆ ತಪ್ಪಲೆಯಲ್ಲಿ ಬೆಂದ ಅನ್ನ ಉಂಡು ಬೆಳೆದವರು ಅವರು, ತಮ್ಮ ಅವ್ವನ ಕೊಡವನ್ನು ಅವರು ಪ್ರೀತಿಸಬಲ್ಲರು. ಅವರನ್ನು ಕರೆಸಿ, ಅಟ್ಟದಿಂದ ಎಲ್ಲವನ್ನೂ ಇಳಿಸಿ ಪಡಸಾಲೆಯಲ್ಲಿಡಿ. ಮೊದಲ ಆಯ್ಕೆ ಅವರದಾಗಲಿ. ಗಾಡಿಗೆ ಹಾಕಿ ಕಳಿಸುವ ಖರ್ಚು ಯಾರದೆಂದು ಅಲ್ಲೇ ಮಾತಾಗಲಿ. ‘ಬೇಕು, ಆದರೆ ಸದ್ಯ ನಿಮ್ಮಲ್ಲೇ ಇರಲಿ’ ಎಂದರೆ ಮಾತ್ರ ಒಪ್ಪಬೇಡಿ. ಎರಡು ಕೋಣೆಯ ಮನೆಯಲ್ಲಿ ಅವರ ಕೊಪ್ಪರಿಗೆಗೂ ಕಾವಲು ಕೂರಬೇಕಾಗುತ್ತದೆ.

ಅವರು ಆರಿಸಿದ ಮೇಲೆ ಉಳಿದದ್ದರಲ್ಲಿ ದಿನವೂ ಬಳಸುವಂಥ ಒಂದನ್ನು ನೀವು ಇಟ್ಟುಕೊಳ್ಳಿ. ಚಿಕ್ಕ ತಾಮ್ರದ ಕೊಡವೋ ಚೊಂಬೋ ಆಗಬಹುದು. ಅಡುಗೆಗೆ ಹಿತ್ತಾಳೆ ತಪ್ಪಲೆ ಬೇಕೆನಿಸಿದರೆ ಮೊದಲು ಕಲಾಯಿ ಹಾಕಿಸಿ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಕೆಡುತ್ತವೆ, ಹೊಟ್ಟೆಗೂ ಒಳ್ಳೆಯದಲ್ಲ. ಅವರಿದ್ದಾಗ ಮುಟ್ಟಲಾಗದ್ದನ್ನು ದಿನವೂ ಬೆಳಗಿ ನೀರು ತುಂಬಿದರೆ, ಅದು ನಿಮ್ಮದಾಗುತ್ತದೆ. ಅತ್ತೆಯ ಮೇಲಿದ್ದ ಬೇಸರ ಅದರಿಂದ ಪೂರ್ತಿ ಹೋಗಿಬಿಡುತ್ತದೆಂದು ನಾನು ಹೇಳಲಾರೆ. ಆ ಬೇಸರವೂ ನಿಜವಾದದ್ದೇ, ಅದಕ್ಕಾಗಿ ನಿಮ್ಮನ್ನು ನೀವು ದೂರಿಕೊಳ್ಳಬೇಡಿ.

ದೊಡ್ಡ ಕೊಪ್ಪರಿಗೆ, ತಪ್ಪಲೆಗಳನ್ನು ತೂಕಕ್ಕೆ ಹಾಕುವ ಮೊದಲು ನಿಮ್ಮ ಕಡೆಯ ಮಠಗಳಲ್ಲಿ, ದೇವಸ್ಥಾನಗಳಲ್ಲಿ ವಿಚಾರಿಸಿ. ದಾಸೋಹ ನಡೆಯುವ ಕಡೆ ದೊಡ್ಡ ಪಾತ್ರೆ ಎಂದೂ ಬೇಕಾಗುತ್ತದೆ. ಅದರ ಮೇಲೆ ಅತ್ತೆಯವರ ಹೆಸರು ಕೊರೆದಿದ್ದರೆ ಹಾಗೇ ಇರಲಿ, ಇಲ್ಲದಿದ್ದರೆ ಪಾತ್ರೆ ಅಂಗಡಿಯಲ್ಲಿ ಕೊರೆಸಿ ಕೊಡಿ. ಅಟ್ಟದ ಕತ್ತಲೆಯಲ್ಲಿ ಕಿಲುಬು ಹಿಡಿಯುವುದಕ್ಕಿಂತ ನೂರಾರು ಜನ ಉಣ್ಣುವ ಕಡೆ ಅವರ ಹೆಸರಿರುವುದು ಹೆಚ್ಚು ಗೌರವದ್ದು. ನಾದಿನಿಯರಿಗೆ ಹೇಳಲೂ ನಿಮಗೆ ಬಾಯಿ ಬರುತ್ತದೆ.

ಮಗಳ ಪ್ರಶ್ನೆಯನ್ನು ಸೀರೆಗಳ ಮುಂದೆ ಧಾರಾಳವಾಗಿ ಕೇಳಿ, ಏಕೆಂದರೆ ಅವು ನಿಮ್ಮವು. ಒಂದು ಎಚ್ಚರ ಮಾತ್ರ ಬೇಕು. ಕೈಯಲ್ಲಿರುವುದಕ್ಕೆ ನಾವೆಲ್ಲ ಹೆಚ್ಚು ಬೆಲೆ ಕಟ್ಟುತ್ತೇವೆ. ಸಂಶೋಧಕರಾದ ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣ ಕಾಫಿ ಮಗ್ ಕೊಟ್ಟಿದ್ದರು. ಅದನ್ನು ಮಾರಲು ಅವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧವಿದ್ದುದರ ಸುಮಾರು ಎರಡರಷ್ಟಿತ್ತು. ಕೈಗೆ ಬಂದು ತುಸು ಹೊತ್ತಾದ ಮಗ್‌ಗೇ ಹೀಗಾದರೆ, ಮೂವತ್ತು ವರ್ಷ ಬೀರುವಿನಲ್ಲಿದ್ದ ಸೀರೆಯ ಮಾತೇನು! ಆದ್ದರಿಂದ ಸೀರೆ ಹಿಡಿದಾಗ, ‘ಇದು ಇವತ್ತು ಅಂಗಡಿಯಲ್ಲಿ ಕಂಡರೆ ತೆಗೆದುಕೊಳ್ಳುತ್ತಿದ್ದೆನೇ?’ ಎಂದೂ ಕೇಳಿಕೊಳ್ಳಿ. ಹಳೆಯ ಹತ್ತಿ ಸೀರೆಗಳನ್ನು ಕೌದಿ ಹೊಲಿಯುವವರಿಗೆ ಕೊಡಿ. ಒಂದು ಕೌದಿಯನ್ನು ಮೊಮ್ಮಕ್ಕಳಿಗೆಂದು ಹೊಲಿಸಿಕೊಂಡರೆ ಬೆಂಗಳೂರಿನ ಚಳಿಗೂ ಆಯಿತು. ಜಂಪರ್ ಪೀಸಿನ ಟ್ರಂಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಒಂದು ಉಡಿಯಿಂದ ಇನ್ನೊಂದು ಉಡಿಗೆ ಹೋಗಲೆಂದೇ ಇರುವಂಥವು, ಮುಂದಕ್ಕೆ ಕಳಿಸಿ.

ಕಾಗದಪತ್ರಗಳಿಗೆ ಪ್ರೀತಿಯ ಪ್ರಶ್ನೆ ಬೇಡವೇ ಬೇಡ. ಕ್ರಯಪತ್ರ, ಪಹಣಿ, ಪಿಂಚಣಿ ಆದೇಶ, ಮರಣ ಪ್ರಮಾಣಪತ್ರಗಳನ್ನು ಯಾರೂ ಪ್ರೀತಿಸುವುದಿಲ್ಲ, ಆದರೆ ಕಳೆದರೆ ಅಲೆದಾಟ ತಪ್ಪದು. ಮನೆ ಮಾರುತ್ತಿರುವ ಈ ಹೊತ್ತಿನಲ್ಲಿ ಒಂದು ಹಾಳೆಯನ್ನೂ ಓದದೆ ಹೊರಹಾಕಬೇಡಿ. ಇನ್ನೊಂದು ಮಾತು. ಮಾವನವರ ಗಂಟಿನಲ್ಲಿ ತಾಳೆಗರಿಯ ಕಟ್ಟೋ ಕೈಬರಹದ ಹಳೆಯ ಪುಸ್ತಕವೋ ಇದ್ದರೆ ದಯವಿಟ್ಟು ಕಾಪಾಡಿ. ಫ. ಗು. ಹಳಕಟ್ಟಿಯವರು ಮನೆಮನೆಯಿಂದ ಇಂಥ ಕಟ್ಟುಗಳನ್ನು ಸಂಗ್ರಹಿಸಿದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಅವನ್ನು ಇಟ್ಟುಕೊಂಡಿದ್ದ ಎಷ್ಟೋ ಮನೆಗಳಲ್ಲಿ ಅವನ್ನು ಓದುವವರೇ ಇದ್ದಿರಲಾರರು. ‘ನನಗೆ ಇಷ್ಟವಾ’ ಎಂದು ಕೇಳಿ ಅವರೆಲ್ಲ ಎಸೆದಿದ್ದರೆ ನಮಗೆ ಎಷ್ಟು ನಷ್ಟವಾಗುತ್ತಿತ್ತು! ನಿಮಗೆ ಓದಲಾಗದಿದ್ದರೆ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಒಮ್ಮೆ ತೋರಿಸಿ. ಹಾಗೆಯೇ ಸೇರು, ಬಳ್ಳ, ಬೀಸುವ ಕಲ್ಲಿನಂಥವು ಉಳಿದರೆ, ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಂಥ ಕಡೆ ಕೇಳಿನೋಡಬಹುದು.

ಯಜಮಾನರ ಪುಸ್ತಕಗಳನ್ನು ಅವರೇ ಆರಿಸಲಿ. ಹೊಸ ಮನೆಯಲ್ಲಿ ಎಷ್ಟು ಕಪಾಟು ಸಿಗುತ್ತದೆ ಎಂದಷ್ಟೇ ತಿಳಿಸಿ, ಉಳಿದದ್ದು ಅವರಿಗೆ ಬಿಡಿ. ಮಗಳು ನಿಮಗೆ ಮಾಡಿದ್ದನ್ನು ನೀವು ಅವರಿಗೆ ಮಾಡಬಾರದು.

ಸೀರೆಗಳನ್ನು ನಾಳೆಯಿಂದಲೇ ಆರಿಸಲು ಶುರುಮಾಡಿ. ಆದರೆ ಅಟ್ಟ ಹತ್ತುವ ಮುನ್ನ ನಾದಿನಿಯರಿಗೆ ಫೋನ್ ಮಾಡಿ. ಅವರು ಕೇಳುವವರೆಗೆ ಕಾಯಬೇಡಿ, ‘ಅವ್ವನ ಸಾಮಾನು ಇಳಿಸುತ್ತಿದ್ದೇನೆ, ಬನ್ನಿ’ ಎಂದು ನೀವೇ ಕರೆಯಿರಿ.