ಕೊಡಗಿನ ಕೋವಿ ನಮೀಬಿಯಾಕ್ಕೆ ಹೋದೀತೇ?

ಪ್ರಶ್ನೆ: ನಾನು ಕೊಡವ. ಊರು ವಿರಾಜಪೇಟೆ ಹತ್ತಿರ. ಕೆಲಸದ ಮೇಲೆ ಬಂದು ಅಹಮದಾಬಾದಿನ ಬೋಪಾಲದಲ್ಲಿ ನೆಲೆಸಿದ್ದೇನೆ. ಮುಂದಿನ ವರ್ಷ ಗೆಳೆಯರ ಜೊತೆ ನಮೀಬಿಯಾಕ್ಕೆ ಶಿಕಾರಿಗೆ ಹೋಗುವ ಯೋಚನೆಯಿದೆ, ಸಾಧ್ಯವಾದರೆ ದಕ್ಷಿಣ ಆಫ್ರಿಕಾಕ್ಕೂ. ನಮ್ಮವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಹಾಗಿದ್ದಮೇಲೆ ಮನೆಯ ಕೋವಿಯನ್ನೇ ವಿಮಾನದಲ್ಲಿ ಒಯ್ಯಬಹುದೇ? ಯಾರ ಯಾರ ಅನುಮತಿ ಬೇಕು?
— ಒಬ್ಬ ಓದುಗ, ಬೋಪಾಲ್

ಉತ್ತರ: ನಾನು ಓದಿದಂತೆ ಕಾನೂನು ಅಡ್ಡ ಬರುವುದಿಲ್ಲ. ಆದರೂ ಕೋವಿಯನ್ನು ಊರಲ್ಲೇ ಬಿಟ್ಟು ನೀವು ಮಾತ್ರ ಹೋಗಿ ಎಂದೇ ನನ್ನ ಸಲಹೆ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಿಮ್ಮ ವಿನಾಯಿತಿಯ ಬಗ್ಗೆ ಹೊರಗಿನವರಿಗೆ ಇರುವಷ್ಟೇ ತಪ್ಪು ಕಲ್ಪನೆ ಕೊಡಗಿನವರಲ್ಲೂ ಇದೆ.

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮು ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೊಟ್ಟಿತು. ಆ ದಾರಿಯಲ್ಲೇ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಈ ಸೌಲಭ್ಯ ಮುಂದುವರಿದಿದೆ. 2019ರಲ್ಲಿ ಇದನ್ನು ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ, ವಿಸ್ತರಿಸಿದರು. ಒಂದು ಜನಾಂಗಕ್ಕೆ ಮಾತ್ರ ಈ ಸವಲತ್ತು ಯಾಕೆ ಎಂದು ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದಿತ್ತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಇಲ್ಲಿಯವರೆಗಿನ ಕಥೆ ನಿಮಗೂ ಗೊತ್ತಿರುತ್ತದೆ. ಕೋವಿ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಹೆಮ್ಮೆಯಲ್ಲಿ ಯಾರೂ ಓದದೇ ಬಿಡುವುದು ಅಧಿಸೂಚನೆಯ ಷರತ್ತುಗಳನ್ನು. ಪಿಸ್ತೂಲು, ರಿವಾಲ್ವರಿಗೆ ಈ ವಿನಾಯಿತಿ ಇಲ್ಲ. ಕೊಡಗಿನಿಂದ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಬ್ಬರ ಬಳಿ ಒಂದು ರೈಫಲ್, ಅದಕ್ಕೆ 100 ಗುಂಡು, ಜೊತೆಗೆ ಒಂದು ನಯ ನಳಿಗೆಯ ಕೋವಿ, ಅದಕ್ಕೆ 500 ತೋಟಾ ಅಥವಾ ಅಷ್ಟರ ಮಟ್ಟಿನ ಮದ್ದುಗುಂಡು, ಇದಕ್ಕಿಂತ ಹೆಚ್ಚು ಇರುವಂತಿಲ್ಲ. ಬೋಪಾಲದ ಫ್ಲ್ಯಾಟಿನಲ್ಲಿ ಕೂತ ನಿಮಗೆ ಅನ್ವಯಿಸುವುದು ಈ ಸಾಲೇ.

ಇನ್ನು ಕೋವಿ ಯಾರದು? ಮನೆಯ ಕೋವಿ ಎಂದು ಬರೆದಿದ್ದೀರಿ. ಹಿರಿಯರ ಐನ್‌ಮನೆಯ ಗೋಡೆಯಲ್ಲಿ ತೂಗುವ ಕೋವಿ ಇಡೀ ಒಕ್ಕದ್ದು, ಅಂದರೆ ಮನೆತನದ್ದು, ಎಂದು ಭಾವಿಸುವುದು ಸಹಜ, ಆದರೆ ಕಾಗದದಲ್ಲಿ ಅದು ಒಬ್ಬರ ಹೆಸರಿನಲ್ಲಿರುತ್ತದೆ. ಅದು ತಂದೆಯವರ ಅಥವಾ ದೊಡ್ಡಪ್ಪನ ಹೆಸರಿನಲ್ಲಿದ್ದರೆ ವಿದೇಶದ ಮಾತು ಅಲ್ಲಿಗೇ ಮುಗಿಯಿತು. ಜಿಲ್ಲಾಧಿಕಾರಿ ಕಚೇರಿ ಕೊಟ್ಟ ವಿನಾಯಿತಿ ಪ್ರಮಾಣಪತ್ರ ನಿಮ್ಮ ಹೆಸರಿನಲ್ಲಿದೆಯೇ, ಅದರಲ್ಲಿ ಕೋವಿಯ ನಂಬರು, ಬೋರು, ತಯಾರಕರ ಹೆಸರು ನಮೂದಾಗಿದೆಯೇ ಎಂದು ಮೊದಲು ನೋಡಿ. ಹಳೆಯ ಜೋಡುನಳಿಗೆ ಕೋವಿಗಳಲ್ಲಿ ನಂಬರನ್ನು ಸಣ್ಣದಾಗಿ ಕೆತ್ತಿರುತ್ತಾರೆ. ಎರಡು ಮೂರು ತಲೆಮಾರು ಎಣ್ಣೆ ಹಾಕಿ ಉಜ್ಜಿ ಉಜ್ಜಿ ಒಂದೆರಡು ಅಂಕಿ ಅಳಿಸಿಹೋಗಿರುವುದುಂಟು. 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಊರಲ್ಲಿ ಅದು ದೊಡ್ಡ ವಿಷಯವಲ್ಲ. ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಬೆರಳಿಟ್ಟು ಓದುವುದು ಅದನ್ನೇ.

ಬೋಪಾಲದ ಕಡೆ ಬರೋಣ. 2020ರಲ್ಲಿ ಬೋಪಾಲ್ ಅಹಮದಾಬಾದ್ ಮಹಾನಗರ ಪಾಲಿಕೆಗೆ ಸೇರಿತು. ಆದರೆ ಪಾಲಿಕೆಯ ಗಡಿಯೂ ಪೊಲೀಸರ ಗಡಿಯೂ ಒಂದೇ ಆಗಿರಬೇಕಿಲ್ಲ. ನಗರ ಪೊಲೀಸ್ ವ್ಯಾಪ್ತಿಯಲ್ಲಿ ಕೋವಿಯ ವಿಚಾರ ಪೊಲೀಸ್ ಕಮಿಷನರರದ್ದು, ಅದರಾಚೆ ಕಲೆಕ್ಟರರದ್ದು. ನಿಮ್ಮ ಠಾಣೆ ಯಾರ ಕೆಳಗೆ ಬರುತ್ತದೆ ಎಂದು ಕೇಳಿಕೊಂಡೇ ಅರ್ಜಿ ಬರೆಯಿರಿ. ಲೈಸೆನ್ಸ್ ಇರುವವರು ವಾಸ ಬದಲಿಸಿದಾಗ ಹೊಸ ಊರಿನ ಅಧಿಕಾರಿಗೆ ತಿಳಿಸಲೇಬೇಕು. ವಿನಾಯಿತಿ ಇರುವ ನೀವೂ ಕೋವಿಯನ್ನು ಗುಜರಾತಿಗೆ ತರುವುದಾದರೆ ತಿಳಿಸುವುದೇ ಜಾಣತನ. 2025ರಲ್ಲಿ ಗುಜರಾತಿನ ಭಯೋತ್ಪಾದನೆ ನಿಗ್ರಹ ದಳ (ಎಟಿಎಸ್) ಈಶಾನ್ಯ ರಾಜ್ಯಗಳ ಹೆಸರಿನಲ್ಲಿ ಪಡೆದ ಅಕ್ರಮ ಕೋವಿ ಲೈಸೆನ್ಸುಗಳ ಜಾಲವೊಂದನ್ನು ಹಿಡಿದಿತ್ತು. ಅದಾದ ಮೇಲೆ ಹೊರರಾಜ್ಯದ ಕಾಗದ ಕಂಡರೆ ಅಲ್ಲಿನ ಪೊಲೀಸರು ಎರಡು ಸಲ ತಿರುಗಿಸಿ ನೋಡಿದರೆ ತಪ್ಪೇನಿಲ್ಲ. ಹಾಗಿರುವಾಗ ಲೈಸೆನ್ಸೇ ಬೇಡ ಎನ್ನುವ ಪ್ರಮಾಣಪತ್ರ ಹಿಡಿದು ನಿಂತರೆ, ಕೊಡಗು ಎಲ್ಲಿದೆ ಅನ್ನುವಲ್ಲಿಂದ ವಿವರಣೆ ಶುರುಮಾಡಬೇಕಾದೀತು.

ದೇಶದಿಂದ ಹೊರಗೆ ಒಯ್ಯುವ ಮಾತು ಶಸ್ತ್ರಾಸ್ತ್ರ ಕಾಯ್ದೆಯ 10ನೇ ಕಲಮಿನಲ್ಲಿದೆ. ಲೈಸೆನ್ಸ್ ಇಲ್ಲದೆ ಆಯುಧವನ್ನು ಭಾರತಕ್ಕೆ ತರುವಂತಿಲ್ಲ, ಭಾರತದಿಂದ ಒಯ್ಯುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಕಾನೂನು ಪ್ರಕಾರ ಆಯುಧ ಇಟ್ಟುಕೊಳ್ಳಲು ಅರ್ಹನಾದವನು, ಅಥವಾ ಇಟ್ಟುಕೊಳ್ಳಲು ನಿಷೇಧವಿಲ್ಲದವನು, ಸ್ವಂತ ಬಳಕೆಗಾಗಿ ಸಮಂಜಸ ಪ್ರಮಾಣದಲ್ಲಿ ಪ್ರತ್ಯೇಕ ಲೈಸೆನ್ಸ್ ಇಲ್ಲದೆಯೇ ಒಯ್ಯಬಹುದು, ತರಬಹುದು ಎಂಬ ಅಪವಾದವೂ ಅಲ್ಲೇ ಇದೆ. ಲೈಸೆನ್ಸ್ ಹೊಂದಿದವರು ಇದರೊಳಗೆ ಸಲೀಸಾಗಿ ಬರುತ್ತಾರೆ. ವಿನಾಯಿತಿ ಪಡೆದ ಕೊಡವರೂ ಬರಬೇಕು ಎಂದೇ ನನ್ನ ಓದು.

ತೊಡಕು ಇರುವುದು ಅದೇ ಕಲಮಿನ ಮುಂದಿನ ಉಪಕಲಮಿನಲ್ಲಿ. ಈ ಅಪವಾದ ನಿಮಗೆ ಅನ್ವಯಿಸುತ್ತದೆಯೇ, ಪ್ರಮಾಣ ಸಮಂಜಸವೇ, ಬಳಕೆ ನಿಜವೇ ಎಂಬ ಅನುಮಾನ ಕಸ್ಟಮ್ಸ್ ಅಧಿಕಾರಿಗೆ ಬಂದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೆ ಆಯುಧವನ್ನು ತಡೆಹಿಡಿಯುವ ಅಧಿಕಾರ ಅವರಿಗಿದೆ. ಎಷ್ಟು ತೋಟಾ ಸಮಂಜಸ ಎಂದು ಕಾಯ್ದೆ ಎಲ್ಲೂ ಎಣಿಸಿ ಹೇಳಿಲ್ಲ. ಅಹಮದಾಬಾದಿನ ಕೌಂಟರಿನಲ್ಲಿ ಕೂತವರು ಬದುಕಿನಲ್ಲೇ ಮೊದಲ ಬಾರಿಗೆ ಕೊಡವ ವಿನಾಯಿತಿ ಪತ್ರ ನೋಡುತ್ತಿದ್ದರೆ ಅನುಮಾನ ಬರುವುದು ಸಹಜ. ಅವರದು ತಪ್ಪೂ ಅಲ್ಲ. ದೆಹಲಿಯಿಂದ ಆದೇಶ ಬರುವ ಹೊತ್ತಿಗೆ ನಿಮ್ಮ ವಿಮಾನ ಹೋಗಿರುತ್ತದೆ, ನಮೀಬಿಯಾದ ಬುಕಿಂಗೂ ಮುಗಿದಿರುತ್ತದೆ. ಹಟ ಹಿಡಿದು ಒಯ್ಯುವುದೇ ಆದರೆ ಹೊರಡುವ ತಿಂಗಳುಗಳ ಮುಂಚೆಯೇ ಏರ್‌ಪೋರ್ಟ್ ಕಸ್ಟಮ್ಸಿಗೆ ಕಾಗದ ಬರೆದು, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಹೋಗುವಾಗಲೇ ಕೋವಿಯ ನಂಬರು ನಮೂದಿಸಿದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಅದಿಲ್ಲದೆ ಮರಳಿದರೆ ನಿಮ್ಮ ಅಜ್ಜನ ಕಾಲದ ಕೋವಿಯೇ ಹೊಸದಾಗಿ ಆಮದಾದ ಆಯುಧದಂತೆ ಕಾಣುತ್ತದೆ. ಸಾಮಾನ್ಯ ಜನರು ವಿದೇಶದಿಂದ ಕೋವಿ ತರುವುದಕ್ಕೆ ಇಲ್ಲಿ ಎಷ್ಟು ಬಿಗಿ ಇದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೋವಿ ಹಿಡಿದು ವಿದೇಶಕ್ಕೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡಿರುವವರು ಕ್ರೀಡಾ ಶೂಟರ್‌ಗಳು. ನಿಮ್ಮ ಬೋಪಾಲ್–ಘುಮಾ ರಸ್ತೆಯ ಸಂಸ್ಕಾರಧಾಮದ ಶೂಟಿಂಗ್ ರೇಂಜಿನಲ್ಲೇ ಶೂಟರ್ ಎಲವೇನಿಲ್ ವಲರಿವನ್ ಅಭ್ಯಾಸ ಮಾಡಿ 2019ರ ರಿಯೊ ವಿಶ್ವಕಪ್ಪಿನಲ್ಲಿ ಚಿನ್ನ ಗೆದ್ದದ್ದು. ಅವರದು ಏರ್ ರೈಫಲ್, ಬೆನ್ನಿಗೆ ರೈಫಲ್ ಸಂಘದ ಪತ್ರಗಳು, ಹಾಗಾಗಿ ದಾರಿ ಬೇರೆ. ಆದರೂ ಯಾವ ಕೌಂಟರಿನಲ್ಲಿ ಯಾವ ಕಾಗದ ಕೇಳುತ್ತಾರೆ ಎಂಬುದನ್ನು ಆ ಕ್ರೀಡೆಯ ಹಳೆಯ ಕೋಚುಗಳಷ್ಟು ಚೆನ್ನಾಗಿ ವಕೀಲರೂ ಹೇಳಲಾರರು. ಅವರಲ್ಲಿ ಒಬ್ಬರನ್ನು ವಿಚಾರಿಸಿ.

ವಿಮಾನದ ನಿಯಮ ಇನ್ನೊಂದು ಲೋಕ. ಕೋವಿ ಖಾಲಿಯಿರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು, ಚೆಕ್-ಇನ್ ಲಗೇಜಿನಲ್ಲೇ ಹೋಗಬೇಕು, ಏರ್‌ಲೈನಿನ ಒಪ್ಪಿಗೆ ಮುಂಚೆಯೇ ಸಿಕ್ಕಿರಬೇಕು. ತೋಟಾಗಳಿಗೆ ಅಂತರರಾಷ್ಟ್ರೀಯ ಮಿತಿ ಪೆಟ್ಟಿಗೆಯ ತೂಕವೂ ಸೇರಿ ತಲೆಗೆ 5 ಕೆಜಿ. ಇಬ್ಬರ ಪಾಲನ್ನು ಒಂದು ಪೆಟ್ಟಿಗೆಗೆ ತುಂಬುವಂತಿಲ್ಲ. 12 ಬೋರಿನ ಒಂದು ತೋಟಾ ಐವತ್ತು ಗ್ರಾಂ ಆಸುಪಾಸು ತೂಗುತ್ತದೆ, ಲೆಕ್ಕ ಹಾಕಿ: ಅಧಿಸೂಚನೆಯ 500 ಇಲ್ಲಿ ಹೆಚ್ಚೆಂದರೆ ನೂರಕ್ಕೆ ಇಳಿಯಿತು. ಬಿಡಿ ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯ ಆಸೆಯಂತೂ ಬಿಟ್ಟೇಬಿಡಿ. ಬಿಡಿ ಮದ್ದು ಪ್ರಯಾಣಿಕರ ವಿಮಾನ ಹತ್ತುವಂತೆಯೇ ಇಲ್ಲ. ಇದರ ಮೇಲೆ ನಡುದಾರಿಯ ದೇಶಗಳು. ದುಬೈ, ದೋಹಾ, ಅಡಿಸ್ ಅಬಾಬಾ, ಎಲ್ಲಿ ವಿಮಾನ ಬದಲಿಸಿದರೂ ಅಲ್ಲಿಯ ಟ್ರಾನ್ಸಿಟ್ ನಿಯಮವನ್ನು ಏರ್‌ಲೈನಿನಿಂದ ಬರಹದಲ್ಲೇ ಕೇಳಿ. ಜೋಹಾನ್ಸ್‌ಬರ್ಗ್ ಮೂಲಕ ನಮೀಬಿಯಾಕ್ಕೆ ಹೋದರೆ, ಪೆಟ್ಟಿಗೆ ನೇರವಾಗಿ ವಿಂಡ್‌ಹುಕ್‌ಗೆ ಟ್ಯಾಗ್ ಆಗಿದೆಯೋ ಅಲ್ಲಿ ಕೈಗೆ ಬರುತ್ತದೆಯೋ ಎಂಬುದರ ಮೇಲೆ ಕಾಗದಗಳೇ ಬದಲಾಗುತ್ತವೆ.

ಇಷ್ಟೆಲ್ಲ ದಾಟಿ ಆಫ್ರಿಕಾ ತಲುಪಿದಿರಿ ಎನ್ನಿ. ಅಚ್ಚರಿಯೆಂದರೆ ಅಲ್ಲಿನ ಕಾಗದವೇ ಸುಲಭ. ದಕ್ಷಿಣ ಆಫ್ರಿಕಾದ ಪೊಲೀಸರದು ಎಸ್‌ಎಪಿಎಸ್ 520 ಎಂಬ ನಮೂನೆ. ಕಪ್ಪು ಶಾಯಿಯಲ್ಲಿ ತುಂಬಬೇಕು, ಆದರೆ ಸಹಿಯ ಜಾಗವನ್ನು ಖಾಲಿ ಬಿಟ್ಟು ಅಧಿಕಾರಿಯ ಎದುರೇ ಸಹಿ ಹಾಕಬೇಕು. ಪಾಸ್‌ಪೋರ್ಟ್, ಮರಳುವ ಟಿಕೆಟ್, ಕೋವಿ ನಿಮ್ಮದೇ ಎಂಬುದಕ್ಕೆ ದಾಖಲೆ, ಶಿಕಾರಿ ಏರ್ಪಡಿಸುವವರ ಆಹ್ವಾನಪತ್ರ ಜೊತೆಗಿರಬೇಕು. ಇಪ್ಪತ್ತೊಂದು ವರ್ಷ ತುಂಬಿರಬೇಕು. ಒಂದು ಬೋರಿಗೆ ಒಂದೇ ಕೋವಿ, ಕೋವಿಗೆ 200 ಗುಂಡಿನವರೆಗೆ. ಆತ್ಮರಕ್ಷಣೆಗೆ ಎಂದು ಕಾರಣ ಬರೆದರೆ ಅರ್ಜಿ ಅಲ್ಲೇ ಬಿತ್ತು. ನಮೀಬಿಯಾದಲ್ಲಿ ವಿಂಡ್‌ಹುಕ್ ವಿಮಾನ ನಿಲ್ದಾಣದಲ್ಲೇ ತಾತ್ಕಾಲಿಕ ಪರ್ಮಿಟ್ ಕೊಡುತ್ತಾರೆ, ಪಿಸ್ತೂಲು ಬಿಡುವುದಿಲ್ಲ. ಶಿಕಾರಿಯ ಕಾಲ ಫೆಬ್ರವರಿಯಿಂದ ನವೆಂಬರ್‌ವರೆಗೆ, ನೋಂದಾಯಿತ ಮಾರ್ಗದರ್ಶಕರು ಜೊತೆಗಿರಲೇಬೇಕು. ಎರಡೂ ಕಡೆ ನಿಮ್ಮ ಕಾಗದ ಇಂಗ್ಲಿಷಿನಲ್ಲಿರಬೇಕು, ಕೋವಿಯ ನಂಬರನ್ನು ಅಕ್ಷರಶಃ ಹೇಳಬೇಕು. ಲೈಸೆನ್ಸ್ ಎಲ್ಲಿ ಎಂದು ಕೇಳುವ ಅಧಿಕಾರಿಗೆ 1861ರ ಕಥೆ ಹೇಳಿಕೊಂಡು ಕೂರಲು ಸಮಯವಿರುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಿದ್ದ ಪ್ರಶ್ನೆಯನ್ನು ಕೊನೆಗೆ ಕೇಳುತ್ತಿದ್ದೇನೆ: ಆ ಕೋವಿಯಿಂದ ಅಲ್ಲಿ ಏನು ಮಾಡುತ್ತೀರಿ? ಕಾಫಿ ತೋಟದ ಅಂಚಿನಲ್ಲಿ, ನಲವತ್ತು ಗಜದೊಳಗೆ ಈಡು ಹೊಡೆಯಲು ಹೇಳಿಮಾಡಿಸಿದ್ದು 12 ಬೋರಿನ ಜೋಡುನಳಿಗೆ. ನಮೀಬಿಯಾದ ಬಯಲಿನಲ್ಲಿ ಕೂಡು, ಓರಿಕ್ಸ್ ಹುಲ್ಲೆಗಳು ಸಿಗುವುದು ನೂರೈವತ್ತು ಇನ್ನೂರು ಮೀಟರಿನಾಚೆ, ಚರೆ ತೋಟಾ ಅಷ್ಟು ದೂರಕ್ಕೆ ಮುಟ್ಟುವುದೂ ಇಲ್ಲ. ಆ ಪ್ರಾಣಿಗಳಿಗೆ ಕನಿಷ್ಠ 2,700 ಜೌಲ್, ಕಾಡೆಮ್ಮೆಯಂಥ ದೊಡ್ಡವಕ್ಕೆ 5,400 ಜೌಲ್ ಶಕ್ತಿಯ ರೈಫಲ್ ಬೇಕೆಂದು ಅಲ್ಲಿನ ಕಾನೂನೇ ಹೇಳುತ್ತದೆ. ನಿಮ್ಮಲ್ಲಿ ರೈಫಲ್ ಇದ್ದರೂ ಅದು ಇಶಾಪುರದ .315 ಆಗಿರುವ ಸಂಭವವೇ ಹೆಚ್ಚು. ಸೈನ್ಯದ .303 ಬೋರು ಜನರ ಕೈಗೆ ಬೇಡವೆಂದು ಇಲ್ಲಿ ಉಳಿದುಕೊಂಡ ಬೋರು ಅದು. ತಂದ ಗುಂಡು ಮುಗಿದರೆ ವಿಂಡ್‌ಹುಕ್‌ನ ಅಂಗಡಿಯಲ್ಲಿ ಸಿಕ್ಕೀತೆಂದು ನಂಬಬೇಡಿ. ಶಿಕಾರಿ ಏರ್ಪಡಿಸುವ ಫಾರ್ಮುಗಳು ದೂರದರ್ಶಕ ಜೋಡಿಸಿದ .30-06, .375 ರೈಫಲುಗಳನ್ನು ಬಾಡಿಗೆಗೆ ಕೊಡುತ್ತವೆ. ಬುಕಿಂಗ್ ಮಾಡುವಾಗಲೇ ಬಾಡಿಗೆ, ಗುಂಡಿನ ಬೆಲೆ, ಗುರಿ ಅಭ್ಯಾಸಕ್ಕೆ ಅರ್ಧ ದಿನ, ಮೂರನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಒಬ್ಬ ಸಾಮಾನ್ಯ ಪ್ರವಾಸಿಯಂತೆ ಹೋಗಿಬರಬಹುದು.

ಬೇರೆ ದೇಶಗಳ ಬಗ್ಗೆ ಒಂದೆರಡು ಮಾತು. ಅಮೆರಿಕದಲ್ಲಿ ವೀಸಾ ಮೇಲೆ ಹೋದವರು ಕೋವಿ ಹಿಡಿಯಬೇಕಾದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಕೋವಿ ಒಯ್ಯುವುದಾದರೆ ಅದರ ಜೊತೆ ಎಟಿಎಫ್ ಇಲಾಖೆಯ 6ಎನ್‌ಐಎ ನಮೂನೆಗೆ ಮುಂಗಡ ಒಪ್ಪಿಗೆಯೂ ಬೇಕು. ಬ್ರಿಟನ್ನಿನಲ್ಲಿ ನಿಮ್ಮ ಪರವಾಗಿ ಅಲ್ಲಿನವರೊಬ್ಬರು ಪೊಲೀಸರಿಗೆ ಅರ್ಜಿ ಹಾಕಬೇಕು.

ಆಫ್ರಿಕಾದಿಂದ ಕೊಂಬು, ತೊಗಲು ತರುವ ಯೋಚನೆ ಇದ್ದರೆ ಬಿಡಿ. ಅಲ್ಲಿ ಕಾನೂನುಬದ್ಧವಾಗಿ ಮಾಡಿದ ಶಿಕಾರಿ ಇಲ್ಲಿ ಅಪರಾಧವಾಗುವುದಿಲ್ಲ, ನಮ್ಮ 1972ರ ವನ್ಯಜೀವಿ ಕಾಯ್ದೆ ಇರುವುದು ಭಾರತದ ಕಾಡಿಗೆ. ಆದರೆ ಕಾಡುಪ್ರಾಣಿಯ ಅಂಗವನ್ನು ಬ್ಯಾಗಿನಲ್ಲಿಟ್ಟು ಇಳಿದ ಕ್ಷಣ ಕಸ್ಟಮ್ಸ್, ಪಶು ಕ್ವಾರಂಟೈನ್, ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಮೂವರಿಗೂ ಉತ್ತರ ಹೇಳಬೇಕು. ಫೋಟೋ ತನ್ನಿ, ಸಾಕು.

ಕೋವಿ ಬಿಟ್ಟು ಹೋಗುವವರಿಗೂ ಒಂದು ಎಚ್ಚರಿಕೆ ಇದೆ. ಊರಿಗೆ ಹೋದಾಗ ತೋಟಕ್ಕೆ ಹಿಡಿದುಕೊಂಡು ಹೋಗುವ ಬ್ಯಾಗೇ ಏರ್‌ಪೋರ್ಟಿಗೂ ಬರುತ್ತದೆ, ಅದರ ಒಳಜೇಬಿನಲ್ಲಿ ಯಾವಾಗಲೋ ಉಳಿದ ಒಂದು ತೋಟಾ ಸ್ಕ್ಯಾನರಿನಲ್ಲಿ ಕಾಣಿಸುತ್ತದೆ. ದೇಶದ ವಿಮಾನ ನಿಲ್ದಾಣಗಳಲ್ಲಿ ಇಂಥ ಪ್ರಕರಣಗಳು ಸಾಮಾನ್ಯ. ಅರಿವಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ, ಅದನ್ನು ಹಿಡಿದು ಹೈಕೋರ್ಟುಗಳು ಎಷ್ಟೋ ಎಫ್‌ಐಆರ್ ರದ್ದು ಮಾಡಿವೆ. ನಿಮಗಿರುವ ವಿನಾಯಿತಿಯೂ ವಾದಕ್ಕೆ ಬರುತ್ತದೆ. ಆದರೆ ರದ್ದಾಗುವುದು ಆಮೇಲೆ, ಠಾಣೆಯಲ್ಲಿ ಕೂರುವುದು ಮೊದಲು. ನಮೀಬಿಯಾಕ್ಕೆ ಹೊರಡುವಾಗ ಆ ಹಳೆಯ ಬ್ಯಾಗನ್ನು ಮುಟ್ಟಬೇಡಿ, ಹೊಸದೊಂದನ್ನು ಕೊಂಡುಬಿಡಿ.