ಹಿಂದುಳಿಯುವ ಅಂಜಿಕೆ ಮತ್ತು ನಿಜವಾದ ಗೆಳೆತನ



"ಎಲ್ಲರೂ ಮಾಡುತ್ತಾರೆ, ನಾವು ಮಾಡದಿದ್ದರೆ ಹೇಗೆ?" ಎಂಬ ಮಾತು ಕೇಳಿಬಾರದ ಮನೆ ಅಪರೂಪ. ನಾಲ್ವರಲ್ಲಿ ನಾವು ಹಿಂದುಳಿದೇವೆಂಬ ಈ ಅಂಜಿಕೆಯು ರೋಗವಲ್ಲ. ಆದರೆ ಅನೇಕ ತೊಂದರೆಗಳಿಗೆ ಮೂಲವಾಗಬಲ್ಲದು. ಸಂಗಡಿಗರು ದೂರ ಮಾಡಿಯಾರೆಂದು ಗಂಡನು ಮನಸ್ಸಿಲ್ಲದಿದ್ದರೂ ಕುಡಿಯಲು ಕೂಡುತ್ತಾನೆ. ಓರಗೆಯವರಿಗೆ ಎರಡನೆಯ ಮಗುವಾಯಿತೆಂದು, ಮೊದಲ ಕೂಸು ನಡೆಯುವ ಮುನ್ನವೇ ಮತ್ತೊಂದು ಬಸಿರನ್ನು ಬಯಸುವವರುಂಟು. ಊರ ಸುದ್ದಿ ತಪ್ಪೀತೆಂದು ನಡುರಾತ್ರಿಯವರೆಗೆ ಮೊಬೈಲ್ ನೋಡಿ ನಿದ್ರೆಗೆಡುವವರೂ ಉಂಟು.

ಇದಕ್ಕೆ ಮದ್ದೇನು? ಉತ್ತರವು ನಮ್ಮ ಇಂಡಿ ಸೀಮೆಯಲ್ಲಿಯೇ ಇದೆ. ಹಲಸಂಗಿ ಎಂಬ ಸಣ್ಣ ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದ್ದು ಒಂದು ಗೆಳೆತನ. ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಪಿ. ಧೂಲಾಸಾಹೇಬ ಇವರನ್ನು ಜನರು "ಹಲಸಂಗಿ ಗೆಳೆಯರು" ಎಂದು ಕರೆದರು. ನಮ್ಮ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಹಾಡುಗಳಿಗೆ ಓದಿದವರು ಆಗ ಹೆಚ್ಚು ಬೆಲೆ ಕೊಡುತ್ತಿರಲಿಲ್ಲ. ಈ ಗೆಳೆಯರು ಅವನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ "ಗರತಿಯ ಹಾಡು" ಪುಸ್ತಕವಾಗಿ ಹೊರಬಂದಿತು. ಹತ್ತು ಕಡೆ ಓಡಿದವರಿಗೆ ಸಿಗದ ಸಂಪತ್ತು ಮನೆಯ ಬೀಸುಕಲ್ಲಿನ ಬಳಿಯಲ್ಲಿಯೇ ಅವರಿಗೆ ಸಿಕ್ಕಿತು. ಜಾತಿ ಮತಗಳು ಅವರ ನಡುವೆ ಗೋಡೆಯಾಗಲಿಲ್ಲ.

ಗೆಳೆಯರು ಎಷ್ಟು ಮಂದಿ ಎಂಬುದಕ್ಕಿಂತ ಎಂತಹವರು ಎಂಬುದು ಮುಖ್ಯ. ಆದುದರಿಂದ ಸಂಗಡಿಗರ ವಿಷಯದಲ್ಲಿ ಹೀಗೆ ಯೋಚಿಸಿರಿ:

1. ನಾನು ಒಲ್ಲೆ ಎಂದಾಗ ಆತನು ನಗೆಯಾಡದೆ ಒಪ್ಪುವನೇ?

2. ಕೂಸಿಗೆ ಜ್ವರ ಬಂದ ರಾತ್ರಿ ಆಕೆಯ ಬಾಗಿಲು ತಟ್ಟಬಹುದೇ?

3. ಆತನೊಡನೆ ಕಳೆದ ಸಂಜೆಯ ವಿಷಯವನ್ನು ಮನೆಯಲ್ಲಿ ಮುಚ್ಚಿಡದೆ ಹೇಳಬಹುದೇ?

ಮೂರಕ್ಕೂ ಹೌದೆನ್ನುವಂತಹ ಒಬ್ಬಿಬ್ಬರು ಇದ್ದರೂ ಸಾಕು. ಅಂತಹವರಿಗೆ ಸಮಯ ಕೊಡಿರಿ; ಉಳಿದ ಕರೆಗಳಿಗೆ ನಯವಾಗಿ ಬೇಡವೆನ್ನಿರಿ. ಒಂದು ಕೂಟ ತಪ್ಪಿದರೆ ಬಾಳು ತಪ್ಪುವುದಿಲ್ಲ.

ಗಂಡಂದಿರಿಗೆ ಒಂದು ಮಾತು. ನಿಮಗೆ ಕಟ್ಟೆಯಿದೆ, ಚಹದ ಅಂಗಡಿಯಿದೆ. ಮದುವೆಯಾಗಿ ಬಂದವಳು ತನ್ನ ಗೆಳತಿಯರನ್ನು ತವರಿನಲ್ಲಿ ಬಿಟ್ಟು ಬಂದಿದ್ದಾಳೆ. ಆಕೆಯು ನೆರೆಯವಳೊಡನೆ ಕುಳಿತು ಮಾತನಾಡುವುದನ್ನು ಹರಟೆಯೆಂದು ತಡೆಯಬೇಡಿರಿ. ಅದು ಮನಸ್ಸಿನ ಆರೋಗ್ಯಕ್ಕೆ ಅಗತ್ಯ. ನಿಮ್ಮಿಬ್ಬರಲ್ಲಿಯೂ ಗೆಳೆತನವಿರಲಿ. ರಾತ್ರಿ ಊಟವಾದ ಮೇಲೆ ಮೊಬೈಲ್ ಬದಿಗಿಟ್ಟು ಅರ್ಧ ಗಂಟೆ ಮಾತನಾಡಿರಿ.

ಮುಂದಿನ ಮಗು ಯಾವಾಗ ಎಂಬುದನ್ನೂ ಹಾಗೆಯೇ ಇಬ್ಬರೂ ಕೂಡಿ ನಿರ್ಧರಿಸಿರಿ. ಓರಗೆಯವರನ್ನು ನೋಡಿ ಅಲ್ಲ. ಹೆರಿಗೆಯಾದ ಮೇಲೆ ಕನಿಷ್ಠ 2 ವರ್ಷ ಕಳೆದು ಮುಂದಿನ ಗರ್ಭವಾಗುವುದು ತಾಯಿಗೂ ಕೂಸಿಗೂ ಕ್ಷೇಮ. ಅದಕ್ಕೆ ಬೇಕಾದ ನಿರೋಧ್, ಮಾತ್ರೆ, ವಂಕಿಗಳ ಸೇವೆಯು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ಕುಡಿತ ಬಿಡಲಾಗದಿದ್ದರೆ, ಇಲ್ಲವೆ ಎರಡು ವಾರ ಕಳೆದರೂ ಮನಸ್ಸಿನ ಬೇಸರ ಹೋಗದಿದ್ದರೆ, ನಾಚದೆ ವೈದ್ಯರನ್ನು ಕಾಣಿರಿ. 14416 ಸಂಖ್ಯೆಗೆ ಕರೆ ಮಾಡಿದರೂ ಉಚಿತ ಸಲಹೆ ದೊರೆಯುತ್ತದೆ. ತಡಮಾಡದೆ ನೆರವು ಕೇಳುವುದು ಜಾಣತನ.